ಸುಮ್ಮನಿದ್ದ ಲೋಟ

"ಮುಟ್ಟಬ್ಯಾಡ್ರಿ!"

ಕಿಟಕಿಯ ಕಟ್ಟೆಯ ಮೇಲಿದ್ದ ಗಾಜಿನ ಲೋಟಕ್ಕೆ ಕೇತಕಿಯ ಬೆರಳು ಇನ್ನೂ ತಾಗಿರಲಿಲ್ಲ. ಅಷ್ಟರಲ್ಲಿ ನಾಲ್ಕನೇ ತರಗತಿಯ ಶೀತಲ್ ಬೆಂಚು ಹಾರಿ ಬಂದು ಎರಡೂ ಕೈ ಅಗಲಿಸಿ ಅಡ್ಡ ನಿಂತುಬಿಟ್ಟಳು. ಅವಳ ಬೆನ್ನ ಹಿಂದೆ ಉಳಿದ ಮಕ್ಕಳೂ ಗುಂಪುಗಟ್ಟಿದರು.

ಕೇತಕಿ ಹುಯಿಲಗೋಳಳಿಗೆ ಇದು ಹೊಸ ಅನುಭವ. ವಿಮಾ ಕಂಪನಿಯ ಪರವಾಗಿ ಸುಟ್ಟ ಗೋದಾಮುಗಳನ್ನೂ ಸುಳ್ಳು ಕಳವುಗಳನ್ನೂ ವರ್ಷಾನುಗಟ್ಟಲೆ ಕೆದಕಿ, ಆಮೇಲೆ ಪುಣೆಯ ಸದಾಶಿವ ಪೇಟೆಯಲ್ಲಿ ಸ್ವಂತ ಪತ್ತೇದಾರಿ ಕಚೇರಿ ತೆರೆದವಳು ಅವಳು. ಎಲ್ಲಿ ಹೋದರೂ "ಯಾರೂ ಏನೂ ಮುಟ್ಟಬೇಡಿ" ಎಂದು ದಬಾಯಿಸುವುದು ಅವಳ ಕೆಲಸ. ಇವತ್ತು ಅವಳನ್ನೇ ದಬಾಯಿಸುತ್ತಿದ್ದವಳಿಗೆ ಮುಂದಿನ ಹಲ್ಲು ಇನ್ನೂ ಪೂರ್ತಿ ಬಂದಿರಲಿಲ್ಲ.

"ಯಾಕವಾ? ಲೋಟಾ ಕಚ್ಚತದೇನು?"

"ಮೊದಲ ಊಹೆ ಹೇಳಬೇಕ್ರಿ. ಆಮ್ಯಾಲೆ ಮುಟ್ಟೋದು. ನಮ್ಮ ಕ್ಲಾಸಿನ ನೇಮ ಅದು."

ನಗಬೇಕೆನಿಸಿದರೂ ಕೇತಕಿ ನಗಲಿಲ್ಲ. ನಗುವ ಹೊತ್ತೂ ಅದಲ್ಲ. ಗುರುವಾರ ಇದೇ ಕೋಣೆಯಲ್ಲಿ ಸ್ಪಂದನಾ ಟೀಚರ್ ಮಕ್ಕಳ ಕೈಯಿಂದಲೇ ಮಾಡಿಸಿದ ಬೆಲ್ಲದ ಪಾನಕ ಕುಡಿದು ಅರ್ಧ ತರಗತಿ ಗಂಟಲು ಉರಿದು ವಾಂತಿ ಮಾಡಿಕೊಂಡಿತ್ತು. ಎಲ್ಲರಿಗಿಂತ ಹೆಚ್ಚು ಕುಡಿದ ಅಂಬಾ ಇನ್ನೂ ಆಸ್ಪತ್ರೆಯಲ್ಲಿದ್ದಳು. ಟೀಚರ ಕಪಾಟಿನಲ್ಲಿ ಕಾಸ್ಟಿಕ್ ಸೋಡಾದ ಪೊಟ್ಟಣ ಸಿಕ್ಕಿತ್ತು. ಅದು ತನ್ನದಲ್ಲವೆಂದು ತೋರಿಸಿಕೊಡಲು ಸ್ಪಂದನಾಳೇ ಕೇತಕಿಯನ್ನು ಗೊತ್ತುಮಾಡಿದ್ದಳು.

ಈಗ ಸೋಮವಾರ. ಹೊಸಬೆಳಕು ಕನ್ನಡ ಪ್ರಾಥಮಿಕ ಶಾಲೆಯ ಮೇಲಿನ ಮಹಡಿಯಲ್ಲಿ ಕಮಿಟಿಯ ಸಭೆ ಕೂಡುತ್ತಿತ್ತು. ಸ್ಪಂದನಾ ಎಲ್ಲ ಪಾಲಕರೆದುರು ನಿಂತು "ತಪ್ಪಾಯಿತು, ಮಕ್ಕಳ ಕೈಗೆ ವಿಷ ಕೊಟ್ಟೆ" ಎಂದು ಒಪ್ಪಿಕೊಂಡರೆ ಬರೀ ಕೆಲಸ ಹೋಗುತ್ತದೆ. ಒಪ್ಪದಿದ್ದರೆ ಪೊಲೀಸರ ಕೈಗೆ ಹೋಗುತ್ತಾಳೆ. ಎರಡರಲ್ಲಿ ಯಾವುದಾದರೂ ಅವಳು ಇನ್ನೊಂದು ಶಾಲೆಯ ಮೆಟ್ಟಿಲು ಹತ್ತುವಂತಿರಲಿಲ್ಲ.

"ಛಲೋ, ಊಹೆ ಹೇಳತೀನಿ," ಎಂದು ಕೇತಕಿ ಮಕ್ಕಳ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತಳು. "ಆದರ ಮೊದಲ ಇದೇನು ಅಂತ ತಿಳಿಸ್ರಿ. ಪಾನಕದ ಲೋಟಾ ಎಲ್ಲಾ ತೊಳದು ಬೋರಲು ಹಾಕ್ಯಾರ. ಇದೊಂದು ಹೆಂಗ ಉಳೀತು?"

ಲೋಟಗಳನ್ನು ತೊಳೆದವರ ಮೇಲೆ ಅವಳಿಗೆ ಸಂಶಯವೇನೂ ಇರಲಿಲ್ಲ. ಮಕ್ಕಳು ಕಾರಿಕೊಂಡ ಕೂಡಲೇ ನೆಲ ಒರೆಸಿ, ಪಾತ್ರೆ ಉಜ್ಜಿ, ಊದಿನಕಡ್ಡಿ ಹಚ್ಚುವುದು ನಮ್ಮ ಜನರ ಹುಟ್ಟುಗುಣ. ಪುರಾವೆ ಗಿರಾವೆ ಎಲ್ಲ ಆಮೇಲೆ.

"ಇದು ಸುಮ್ಮನಿದ್ದ ಲೋಟ್ರಿ," ಎಂದ ಓಂಕಾರ್. ಅವನ ದನಿಯಲ್ಲಿ, ಇಷ್ಟೂ ಗೊತ್ತಿಲ್ಲವೇ ಎಂಬ ಕನಿಕರವಿತ್ತು.

"ಅಂದ್ರ?"

"ಒಂದ ಲೋಟದಾಗ ಇಡೀ ಬೆಲ್ಲಾ ಹಾಕಿದ್ವಿ. ಒಂದರಾಗ ಒಡದ ಬೆಲ್ಲಾ. ಒಂದರಾಗ ಪುಡಿ. ಯಾವದು ಲಗೂ ಕರಗತದ ಅಂತ ನೋಡಲಿಕ್ಕೆ. ಇದರಾಗ ಏನೂ ಹಾಕಲಿಲ್ಲ. ಬರೇ ನೀರು."

"ಏನೂ ಹಾಕದ ಲೋಟಾ ಯಾಕ ಬೇಕು?"

ಶೀತಲ್ ಹಣೆ ಚಚ್ಚಿಕೊಂಡಳು. "ಬೆಲ್ಲಾ ಹಾಕಿದ್ದಕ್ಕ ನೀರು ಬದಲಾತೋ, ಸುಮ್ಮನ ಇಟ್ರೂ ಬದಲಾಗತಿತ್ತೋ, ಹೆಂಗ ಗೊತ್ತಾಗಬೇಕ್ರಿ ಮತ್ತ?"

ಕೇತಕಿ ಲೋಟವನ್ನು ನೋಡಿದಳು. ಬರೀ ನೀರು. ತೊಳೆಯುವವರು ಬೆಲ್ಲದ ಕಲೆಯಿದ್ದುದನ್ನೆಲ್ಲ ಒಯ್ದಿದ್ದರು. ಇದರಲ್ಲಿ ತೊಳೆಯುವಂಥದೇನೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಪಾನಕ ಮಾಡಿದ ನೀರು, ಟೀಚರ ಕೈಯಿಂದ ಒಂದು ಚಿಟಿಕೆ ಏನೂ ಬೀಳುವ ಮೊದಲಿನ ನೀರು, ಗುರುವಾರದಿಂದ ಕಿಟಕಿಯಲ್ಲಿ ಎಲ್ಲರ ಎದುರಿಗೇ ಕುಳಿತಿತ್ತು.

ಲೋಟದ ಬಾಯಿಗೆ ಕಾಗದದ ಮುಚ್ಚಳ ಅಂಟಿಸಿದ್ದರು. ಅಂಚಿನ ಸುತ್ತ, ಅರ್ಧ ಕಾಗದದ ಮೇಲೆ ಅರ್ಧ ಗಾಜಿನ ಮೇಲೆ ಬರುವಂತೆ, ನೀಲಿ ಶಾಯಿಯ ಪುಟ್ಟ ಪುಟ್ಟ ಹೆಬ್ಬೆಟ್ಟುಗಳು.

"ಇದು ಓಂಕಾರನ ಸಲವಾಗಿ," ಎಂದಳು ಶೀತಲ್. "ಹೋದ ಸಲ ಅವರಿಕಾಳು ಮೊಳಕಿ ಬರಸೋವಾಗ ಅಂವಾ ಸುಮ್ಮನಿದ್ದ ಕುಂಡದಾಗ ಕದ್ದು ಗೊಬ್ಬರಾ ಹಾಕಿದ್ದಾ. ಅದಕ್ಕ ಎಲ್ಲಾರೂ ಹೆಬ್ಬಟ್ಟು ಒತ್ತಿ ಮುಚ್ಚತೀವಿ. ತೆಗಿಯೂದೂ ಎಲ್ಲಾರ ಮುಂದನ."

ಓಂಕಾರ್ ಛಾವಣಿ ನೋಡಿದ. "ಇದು ಅಂಬಾಂದು," ಎಂದು ಒಂದು ಗುರುತಿನ ಮೇಲೆ ಬೆರಳು ತೋರಿದ. ಹೆಬ್ಬೆಟ್ಟಿನ ನಡುವೆ ಓರೆಯಾಗಿ ಬಿಳಿ ಗೆರೆಯಿತ್ತು. ಈಳಿಗೆ ತಾಗಿದ ಹಳೆಯ ಗಾಯ.



ವಿಮಾ ಕಂಪನಿಯ ಲಕೋಟೆಗಳ ಅರಗಿನ ಮುದ್ರೆಗಿಂತ ಈ ಮುದ್ರೆ ಗಟ್ಟಿ ಎಂದುಕೊಂಡಳು ಕೇತಕಿ. ಅಂಬಾ ಗುರುವಾರದಿಂದ ಶಾಲೆಗೆ ಬಂದಿಲ್ಲ. ಮುಚ್ಚಳ ಕಿತ್ತು ಮತ್ತೆ ಅಂಟಿಸಿದರೆ ಅವಳ ಹೆಬ್ಬೆಟ್ಟು ಎಲ್ಲಿಂದ ತರಬೇಕು?

"ನೀರಿನ್ಯಾಗ ಸೋಡಾ ಅದನೋ ಇಲ್ಲೋ ಇಲ್ಲೇ ನೋಡಲಿಕ್ಕೆ ಬರತದೇನು?"

ಮಕ್ಕಳು ಗೋಡೆಯ ಕಡೆ ತಿರುಗಿದರು. ದಾರದ ಮೇಲೆ ಬಟ್ಟೆ ಒಣಹಾಕಿದಂತೆ ಹಳದಿ ಕಾಗದದ ಪಟ್ಟಿಗಳು ತೂಗುತ್ತಿದ್ದವು. ಅರಿಶಿನ ಕಲಸಿ ಹಚ್ಚಿ ಒಣಗಿಸಿದ ಕಾಗದ. ಸಾಬೂನು, ಸುಣ್ಣ, ಸೋಡಾ ತಾಗಿದರೆ ಕೆಂಪಾಗುತ್ತದೆ, ನೀರು ತಾಗಿದರೆ ಹಳದಿಯೇ ಇರುತ್ತದೆ ಎಂದು ಅವರೆಲ್ಲ ಒಟ್ಟಿಗೇ ಕೂಗಿ ಹೇಳಿದರು. ಕೇತಕಿಗೆ ತನ್ನ ತವರಿನ ಆರತಿ ತಟ್ಟೆಯ ಕೆಂಪು ನೀರು ನೆನಪಾಯಿತು. ಅರಿಶಿನಕ್ಕೆ ಸುಣ್ಣ ಕದಡಿ ಅವ್ವ ಅದನ್ನು ಮಾಡುವುದನ್ನು ಎಷ್ಟು ಸಲ ನೋಡಿದ್ದಳೋ, ಹಳದಿ ಯಾಕೆ ಕೆಂಪಾಯಿತೆಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೆ ಅವಳ ಕಾಲದ ಮಾಸ್ತರರು ಕಿವಿ ಹಿಂಡುತ್ತಿದ್ದರು.

"ಈ ನೀರು ಎಲ್ಲಿಂದ ಬಂತು? ನಳದ್ದೇನು?"

"ಗುರುವಾರ ಕಾರ್ಪೋರೇಶನ್ ನೀರು ಬಂದ್ ಇತ್ತಲ್ರಿ," ಎಂದ ಓಂಕಾರ್. "ಮಾಂತುಕಾಕಾ ಗೌರಾಬಾಯಿ ಕೋಣಿಯಿಂದ ಕೊಡದಾಗ ತಂದ."

ಕೇತಕಿ ಎದ್ದು ನಿಂತಳು. ಶಾಲೆಯ ಕಾರ್ಯದರ್ಶಿ ಮಧ್ವೇಶ ಕಟ್ಟಿಯವರು ತಮ್ಮ ತಾಯಿ ಗೌರಾಬಾಯಿಯ ಹೆಸರಿನಲ್ಲಿ ನೀರು ಶುದ್ಧ ಮಾಡುವ ಯಂತ್ರ ಕೊಡಿಸಿದ್ದರು. ಉದ್ಘಾಟನೆಗೆ ಇನ್ನೂ ಮುಹೂರ್ತ ಬಂದಿರಲಿಲ್ಲ. ಆ ಕೋಣೆಯ ಬೀಗ ತೆರೆದೇ ಇಲ್ಲ, ಕೀಲಿ ನನ್ನ ಗೊಂಚಲಿನಲ್ಲೇ ಇದೆ ಎಂದು ಕಟ್ಟಿಯವರು ಶನಿವಾರವಷ್ಟೇ ಅವಳ ಮುಖಕ್ಕೆ ಮುಖ ಕೊಟ್ಟು ಹೇಳಿದ್ದರು. ಅದನ್ನು ನಂಬಿ ಯಾರೂ ಆ ಯಂತ್ರದ ನೀರನ್ನು ಪರೀಕ್ಷೆಗೆ ಕಳಿಸಿರಲಿಲ್ಲ.

"ನನ್ನ ಊಹೆ," ಎಂದಳು ಕೇತಕಿ, "ಕಾಗದಾ ಕೆಂಪಾಗತದ."

"ನಂದೂ," ಎಂದಳು ಶೀತಲ್.

"ಹಳದೀನ ಇರತದ," ಎಂದ ಓಂಕಾರ್, ಹಟಕ್ಕೆ.

"ನೋಡೋಣು. ಎಲ್ಲಾರ ಮುಂದ ತೆಗೀಬೇಕಂದ್ರಿ ಹೌದಲ್ಲೊ? ಏಳ್ರಿ ಹಂಗಾರ. ಪಟ್ಟಿ ತಗೋರಿ. ಮ್ಯಾಲೆ ಹೋಗೋಣು."

ಮೆಟ್ಟಿಲ ಬುಡದಲ್ಲಿ ಜವಾನ ಮಾಂತು ಸಿಕ್ಕ. ಗೌರಾಬಾಯಿ ಕೋಣೆಯ ಹೆಸರೆತ್ತಿದ್ದೇ ತಡ, ಅವನು ಆ ಕಡೆ ಈ ಕಡೆ ನೋಡಿದ. "ಕಟ್ಟಿ ಸಾಹೇಬ್ರನ ಕೀಲಿ ಕೊಟ್ರ್ರಿ. ಹುಡುಗೂರು ನೀರಡಿಸ್ಯಾವ, ತಗೊಂಡು ಹೋಗು ಅಂದ್ರು. ಆಮ್ಯಾಲೆ ಯಾರ ಮುಂದೂ ಹೇಳಬ್ಯಾಡ ಅಂದ್ರು."

"ಈಗ ಹೇಳಿದಿ. ಮ್ಯಾಲೂ ಹೇಳತೀಯೇನು?"

ಮಾಂತು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಅಂಬಾ ನನ್ನ ಕೈಯಾಗ ವಾಂತಿ ಮಾಡಿಕೊಂಡಾಳ್ರಿ ಬಾಯಾರ. ಹೇಳತೀನಿ."

ಮೇಲಿನ ಸಭಾಗೃಹದ ಬಾಗಿಲು ತಳ್ಳಿದಾಗ ಸ್ಪಂದನಾ ಎದ್ದು ನಿಂತಿದ್ದಳು. ತುಮಕೂರಿನ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದ ಹುಡುಗಿ. ಬಂದ ಹೊಸದರಲ್ಲಿ ಇವಳ ಕನ್ನಡ ಕೇಳಿ ನಕ್ಕವರೇ ಈಗ ಎದುರಿನ ಕುರ್ಚಿಗಳಲ್ಲಿ ಕುಳಿತು, ಇವಳ ಕ್ಷಮೆಗಾಗಿ ಕಾಯುತ್ತಿದ್ದರು.

"ಸಾರಿ ಕೇಳಲ್ಲ ಸರ್," ಎನ್ನುತ್ತಿದ್ದಳು ಅವಳು. ದನಿ ನಡುಗುತ್ತಿತ್ತು, ಮಾತು ನಡುಗುತ್ತಿರಲಿಲ್ಲ. "ಮಕ್ಕಳಿಗೆ ಹುಷಾರಿಲ್ಲದೆ ಆಗಿದ್ದಕ್ಕೆ ನಾನು ದಿನಾ ಅಳ್ತಿದೀನಿ. ಆದ್ರೆ ನಾನು ಮಾಡದೆ ಇರೋದನ್ನ ಮಾಡಿದೆ ಅಂತ ಹೇಳಲ್ಲ. ಮಾಡಿ ನೋಡಿ ಕಲೀರಿ ಅಂತ ಮಕ್ಕಳಿಗೆ ಹೇಳಿದ್ದು ತಪ್ಪು ಅಂತ ಖಂಡಿತಾ ಹೇಳಲ್ಲ."

"ಓದಸ್ರಿ, ಬರಸ್ರಿ, ಬಾಯಿಪಾಠಾ ಮಾಡಸ್ರಿ ಅಂತ ಬಡಕೊಂಡೆ," ಎಂದರು ಮುಖ್ಯಾಧ್ಯಾಪಕಿ ಉಮಾವತಿ ಬಾಯಿ. ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು. "ಸಣ್ಣ ಹುಡುಗೂರ ಕೈಯಾಗ ಈ ಉದ್ಯೋಗ ಯಾಕ ಕೊಡಬೇಕಿತ್ತು?"

"ಮುಗೀತಲ್ಲ," ಎಂದು ಕಟ್ಟಿ ಫೋನಿಗೆ ಕೈಹಾಕಿದರು. "ಪೊಲೀಸರಿಗೇ ಹೇಳೋಣಂತ."

"ಹೇಳ್ರಿ," ಎಂದಳು ಕೇತಕಿ ಬಾಗಿಲಿನಿಂದ. "ಆದರ ಅದಕ್ಕಿಂತ ಮೊದಲ ಸಾಕ್ಷಿದಾರರು ಬಂದಾರ, ಅವರ ಮಾತು ಕೇಳ್ರಿ."

ಮಕ್ಕಳು ಸಾಲಾಗಿ ಒಳಗೆ ಬಂದರು, ಕೊನೆಗೆ ಮಾಂತು. ಮುಂದೆ ಶೀತಲ್, ಎರಡೂ ಕೈಯಲ್ಲಿ ಲೋಟ ಹಿಡಿದು, ತುಂಬಿದ ದೀಪ ಒಯ್ಯುವವಳ ಹಾಗೆ ಹೆಜ್ಜೆ ಎಣಿಸುತ್ತ.

"ಕಮಿಟಿ ಮೀಟಿಂಗಿನ್ಯಾಗ ಹುಡುಗೂರಿಗೆ ಏನು ಕೆಲಸರೀ?" ಕಟ್ಟಿಯವರ ದನಿ ಏರಿತು. "ಹೊರಗ ನಡೀರಿ ಎಲ್ಲಾರೂ!"

ಒಂದು ಮಗುವೂ ಕದಲಲಿಲ್ಲ. ಟೀಚರನ್ನು ಕಂಡ ಮೇಲೆ ಅವರನ್ನು ಹೊರಗೆ ಹಾಕಲು ಕಟ್ಟಿಯವರು ಒಬ್ಬೊಬ್ಬರನ್ನೇ ಎತ್ತಿ ಒಯ್ಯಬೇಕಾಗುತ್ತಿತ್ತು. ಕೇತಕಿಗೆ ಆ ಕ್ಷಣ ಆ ಮಕ್ಕಳ ಮೇಲೆ ಉಕ್ಕಿದ ಪ್ರೀತಿ ಹೇಳತೀರದು.

ಅವಳು ಸುಮ್ಮನಿದ್ದ ಲೋಟದ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಮುಚ್ಚಳ, ಹೆಬ್ಬೆಟ್ಟು, ಅರಿಶಿನದ ಪಟ್ಟಿ. ಈ ನೀರು ಪಟ್ಟಿಯನ್ನು ಕೆಂಪು ಮಾಡಿದರೆ ಕೇಡು ನೀರಿನಲ್ಲೇ ಇತ್ತು. ಮಾಡದಿದ್ದರೆ ತಾನೇ ಸ್ಪಂದನಾಳ ಕೈಹಿಡಿದು ಪೊಲೀಸ್ ಠಾಣೆಗೆ ಕರೆದೊಯ್ಯುವುದಾಗಿ ಹೇಳಿದಳು. ಊಹೆಯೊಂದನ್ನು ಬಿಟ್ಟರೆ ಅವಳ ಕೈಯಲ್ಲಿ ಏನೂ ಇರಲಿಲ್ಲ.

"ಒಂದು ನಿಮಿಷ," ಎಂದಳು ಸ್ಪಂದನಾ. "ಕಂಪೇರ್ ಮಾಡೋಕೆ ಒಳ್ಳೆ ನೀರೂ ಬೇಕು." ತನ್ನ ಚೀಲದಿಂದ ಬಾಟಲಿ ತೆಗೆದು, ಖಾಲಿ ಲೋಟವೊಂದನ್ನು ಅದೇ ನೀರಿನಿಂದ ತೊಳೆದು, ನೀರು ಸುರಿದು ಮೇಜಿನ ಮೇಲಿಟ್ಟಳು. ತನ್ನ ಕೊರಳಿಗೆ ಬಂದಾಗಲೂ ಪಾಠದ ಕ್ರಮ ತಪ್ಪಿಸಲಾರದ ಹೆಂಗಸು.

"ಮುಚ್ಚಳಾ ಯಾರು ತೆಗಿಯೋರು?" ಎಂದ ಓಂಕಾರ್. "ಅಂಬಾ ಇಲ್ಲಲ್ಲ."

ಎಲ್ಲರ ಕಣ್ಣೂ ಮೇಜಿನ ಪಕ್ಕದ ಕುರ್ಚಿಗೆ ಹೋದವು. ಅಂಬಾಳ ತಂದೆ ಸಿದ್ದಲಿಂಗಪ್ಪ ಅಲ್ಲಿ ಕುಳಿತಿದ್ದರು. ಚಾಕಣದ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪಿನ ಯಜಮಾನ. ಗುರುವಾರದಿಂದ ಆಸ್ಪತ್ರೆಯಲ್ಲೇ ಇದ್ದು ಗಡ್ಡ ಬೆಳೆದಿತ್ತು, ಕಣ್ಣು ಕೆಂಡವಾಗಿತ್ತು. ಪೊಲೀಸರನ್ನು ಕರೆಯಿರೆಂದು ಎಲ್ಲರಿಗಿಂತ ಜೋರಾಗಿ ಕೂಗಿದವರೂ ಅವರೇ.

ಶೀತಲ್ ಲೋಟವನ್ನು ಅವರ ಮುಂದೆ ಹಿಡಿದಳು. ಮಗಳ ಹೆಬ್ಬೆಟ್ಟಿನ ಮೇಲಿನ ಬಿಳಿ ಗೆರೆಯನ್ನು ಅವರು ಬಹಳ ಹೊತ್ತು ನೋಡಿದರು. ತುಟಿ ಅದುರಿತು. "ತೆಗೀರಿ," ಎಂದು ಮುಖ ತಿರುಗಿಸಿದರು.

ಮುಚ್ಚಳ ಹರಿಯಿತು. ಶೀತಲ್ ಹಳದಿ ಪಟ್ಟಿಯ ತುದಿಯನ್ನು ನೀರಿಗೆ ಇಳಿಸಿದಳು.

ಕಾಗದ ಕೆಂಪಾಯಿತು. ಮಸುಕು ಮಸುಕಾಗಿ ಅಲ್ಲ, ಕುಂಕುಮ ಎರಚಿದ ಹಾಗೆ.

ಸಭೆ ಒಮ್ಮೆಲೇ ಎದ್ದು ನಿಂತಿತು. ಹಿಂದಿನ ಸಾಲಿನವರು ಮುಂದೆ ನುಗ್ಗಿದರು, ಕುರ್ಚಿಗಳು ಉರುಳಿದವು, ಮೇಜಿನ ಸುತ್ತ ತಲೆಗಳೇ ತಲೆಗಳು. "ಕಾಯ್ ಝಾಲಂ? ಕಾಯ್ ಝಾಲಂ?" ಎಂದು, ಏನಾಯಿತೆಂದು ಮರಾಠಿಯಲ್ಲಿ ಕೇಳುತ್ತ, ಬಾಗಿಲಲ್ಲಿದ್ದ ವಾಚ್‌ಮನ್ ಕೂಗುತ್ತಿದ್ದ. ಓಂಕಾರ್ ಸೋತಿದ್ದಕ್ಕೆ ಬೇಜಾರಿಲ್ಲದೆ ಕುಣಿಯುತ್ತಿದ್ದ. ಸ್ಪಂದನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಗಲಾಟೆಯ ನಡುವೆಯೇ ಕೇತಕಿ ಕಟ್ಟಿಯವರ ಎದುರಿಗೆ ಹೋಗಿ ನಿಂತಳು.

"ಗೌರಾಬಾಯಿ ಕೋಣಿ ತೆರದೇ ಇಲ್ಲ ಅಂದ್ರಿ ನನ್ನ ಮುಂದ."

"ಹೌದು. ತೆರದಿಲ್ಲ."

"ಮಾಂತು, ಕೀಲಿ ಯಾರು ಕೊಟ್ರಪಾ?"

"ಕಟ್ಟಿ ಸಾಹೇಬ್ರು," ಎಂದ ಮಾಂತು. ಎರಡನೇ ಸಲ ಕೇಳುವ ಮೊದಲೇ ಎರಡನೇ ಸಲವೂ ಹೇಳಿದ. "ಕಟ್ಟಿ ಸಾಹೇಬ್ರ ಕೊಟ್ರು."

ಗದ್ದಲ ಅಡಗಿತು. ಕಟ್ಟಿಯವರ ಹಣೆಯ ಮೇಲೆ ಬೆವರು ಒಡೆಯಿತು. ಅಂಗಿಯ ಮೇಲಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿದರು.

"ನೀರು ಬಂದ್ ಇತ್ತು. ಹುಡುಗೂರು ನೀರಡಿಸಿದ್ವು. ಪಾಪ ಅನಿಸ್ತು, ಕೊಟ್ಟೆ. ಅದೂ ತಪ್ಪೇನು?"

"ಕೊಟ್ಟದ್ದು ತಪ್ಪಲ್ಲ. ಮುಚ್ಚಿಟ್ಟದ್ದು ತಪ್ಪು. ಹೊಸಾ ಮಷಿನ್ನಿನ ನೀರಿನ್ಯಾಗ ಸೋಡಾ ಎಲ್ಲಿಂದ ಬಂತು, ಹೇಳ್ರಿ."

ಅವರು ಉಮಾವತಿ ಬಾಯಿಯ ಕಡೆ ನೋಡಿದರು. ಯಾವ ಸಹಾಯವೂ ಬರಲಿಲ್ಲ.

"ಹೊಸಾದಲ್ಲ ಅದು," ಎಂದರು ಕೊನೆಗೆ, ನೆಲ ನೋಡುತ್ತ. "ತಳೇಗಾಂವದಾಗ ಬಂದ್ ಆದ ಒಂದು ಕ್ಯಾಂಟೀನಿನ ಹಳೇ ಮಷಿನ್ನು. ಒಳಗಿನ ಟಾಕಿ ಜಿಡ್ಡು ಹಿಡದಿತ್ತು. ಕಾಸ್ಟಿಕ್ ಹಾಕಿ ತೊಳಸಿದ್ದೆ. ಆ ನೀರು ಪೂರ್ತಿ ಹೋಗಿರಲಿಲ್ಲ ಅಂತ ನನಗ ಗೊತ್ತಿರಲಿಲ್ರಿ. ಖರೇ ಹೇಳತೀನಿ. ಗೊತ್ತಾದಾಗ ಅವ್ವನ ಹೆಸರು ಕೆಡತದ ಅಂತ ಸುಮ್ಮನಾದೆ."

"ಸುಮ್ಮನಾಗಲಿಲ್ಲ ನೀವು. ಈ ಹುಡುಗಿ ಕಪಾಟಿನ್ಯಾಗ ಪೊಟ್ಟಣಾ ಇಟ್ರಿ."

"ಇಲ್ಲ!" ಕಟ್ಟಿಯವರು ಬೆಚ್ಚಿ ತಲೆ ಎತ್ತಿದರು. "ಅದನ್ನ ನಾ ಇಟ್ಟಿಲ್ಲ. ನಮ್ಮವ್ವನಾಣಿ ಇಟ್ಟಿಲ್ಲ. ಅದು ಸಿಕ್ಕಾಗ ದೇವರ ನನ್ನ ಉಳಿಸಿದಾ ಅನಿಸ್ತು, ಅಷ್ಟ."

ಸುಳ್ಳು ಹೇಳುವವರನ್ನು ಕೇತಕಿ ಜೀವಮಾನವಿಡೀ ನೋಡಿದ್ದಳು. ಈ ಮನುಷ್ಯ ಹೇಡಿ, ಆದರೆ ಈಗ ಹೇಳಿದ್ದು ಸುಳ್ಳಲ್ಲ ಎಂದು ಅವಳ ಒಳಮನಸ್ಸು ಹೇಳಿತು. ಕೈಗೆ ಬಂದ ಗೆಲುವಿನಲ್ಲಿ ಕಲ್ಲು ಸಿಕ್ಕಂತಾಗಿ ಅವಳಿಗೆ ರೇಗಿಹೋಯಿತು.

"ಇನ್ನಾ ಮುಗದಿಲ್ರಿ," ಎಂದು ಶೀತಲ್ ಅವಳ ಸೆರಗು ಎಳೆದಳು. "ಒಳ್ಳೇ ನೀರಿನ್ಯಾಗ ಅದ್ದೂದು ಉಳದದ."

"ಅದ್ದವಾ, ಅದ್ದು," ಎಂದಳು ಕೇತಕಿ, ಕಟ್ಟಿಯವರ ಮೇಲಿನ ಕಣ್ಣು ತೆಗೆಯದೆ.

ಯಾರೋ ಉಸಿರೆಳೆದುಕೊಂಡ ಸದ್ದಾಯಿತು. ಅವಳು ತಿರುಗಿದಳು.

ಸ್ಪಂದನಾ ತನ್ನ ಬಾಟಲಿಯಿಂದ ಸುರಿದಿಟ್ಟ ಲೋಟದಿಂದ ಶೀತಲ್ ಪಟ್ಟಿಯನ್ನು ಮೇಲೆತ್ತಿ ಹಿಡಿದಿದ್ದಳು. ಅದೂ ಕೆಂಪಾಗಿತ್ತು.

"ನೋಡ್ರಿ!" ಕಟ್ಟಿಯವರಿಗೆ ಹೋದ ಜೀವ ಬಂತು. "ಈಕೀ ಮನಿ ನೀರಿನ್ಯಾಗೂ ಸೋಡಾ! ನನ್ನ ಕಟಕಟಿಗೆ ಹತ್ತಿಸಿದ್ರಲ್ಲ, ಈಗೇನಂತೀರಿ?"

"ಅರಿಶಿಣದ ಕಾಗದಕ್ಕ ಏನು ಖಾತ್ರಿರೀ," ಎಂದರು ಉಮಾವತಿ ಬಾಯಿ. "ಎದಕ್ಕರ ಕೆಂಪಾಗತದ ಅದು."

"ಪೊಲೀಸಾಂನಾ ಬೋಲವಾ!" ಎಂದು, ಪೊಲೀಸರನ್ನು ಕರೆಸಿರೆಂದು, ಯಾರೋ ಹಿಂದಿನಿಂದ ಕೂಗಿದರು. ಈಗಷ್ಟೇ ಸ್ಪಂದನಾಳ ಕಡೆ ಮರುಕದಿಂದ ನೋಡಿದ್ದ ಕಣ್ಣುಗಳು ಮತ್ತೆ ಕಲ್ಲಾದವು. ಕೇತಕಿ ಆ ಲೋಟವನ್ನೇ ನೋಡಿದಳು. ತನ್ನ ಕಕ್ಷಿದಾರಳ ಕೈಯಿಂದಲೇ ಸುರಿದ ನೀರು. ಅರೆಕ್ಷಣ, ಬರೀ ಅರೆಕ್ಷಣ, ಅವಳೂ ಸಂಶಯಪಟ್ಟಳು.

ಸ್ಪಂದನಾ ಮಾತ್ರ ಮುಖದಿಂದ ಕೈ ತೆಗೆದು ನೆಟ್ಟಗೆ ನಿಂತಳು. ಈಗ ಅವಳ ದನಿಯೂ ನಡುಗುತ್ತಿರಲಿಲ್ಲ.

"ಒಂದು ಸಲ ನೋಡಿ ತೀರ್ಮಾನ ಮಾಡ್ತೀವಾ ನಾವು?" ಎಂದು ಮಕ್ಕಳನ್ನು ಕೇಳಿದಳು. ಸಭೆ ಇಲ್ಲವೇ ಇಲ್ಲ ಎಂಬಂತೆ.

"ಇಲ್ಲ ಟೀಚರ್," ಎಂದವು ಕೆಲವು ಸಣ್ಣ ದನಿಗಳು.

"ಮತ್ತೆ ಏನು ಮಾಡಬೇಕು?"

ಓಂಕಾರ್ ಮುಂದೆ ಬಂದ. "ಬಾಟ್ಲಿದಾಗ ಅದ್ದಬೇಕು. ಲೋಟದಾಗ ಇನ್ನೊಮ್ಮೆ ಅದ್ದಬೇಕು."

"ಅದ್ದು."

ಬಾಟಲಿಯ ಬಾಯಿ ಸಣ್ಣದು. ಅವನು ಪಟ್ಟಿಯನ್ನು ಸುರುಳಿ ಸುತ್ತಿ ಒಳಗಿಳಿಸಿದ. ಹೊರಗೆ ತೆಗೆದು ಬಿಡಿಸಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಹಳದಿ. ಅಚ್ಚ ಹಳದಿ. ಇನ್ನೊಂದು ಪಟ್ಟಿಯನ್ನು ಅದೇ ಬಾಟಲಿಯಿಂದ ಸುರಿದಿಟ್ಟ ಲೋಟಕ್ಕೆ ಅದ್ದಿದ. ಕೆಂಪು.



ಕೇತಕಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಅವಳು ನೇರ ಬಾಗಿಲಿಗೆ ಹೋಗಿ ಅಗುಳಿ ಹಾಕಿ, ಬೆನ್ನು ಕೊಟ್ಟು ನಿಂತಳು.

"ಬಾಟ್ಲಿ ನೀರು ಸ್ವಚ್ಛ ಅದ. ಲೋಟದ ನೀರು ಕೆಟ್ಟದ. ಅಂದ್ರ ಈಗ, ಇಲ್ಲೇ, ನಾವೆಲ್ಲಾ ಎದ್ದು ಗದ್ದಲಾ ಮಾಡೋವಾಗ ಯಾರೋ ಅದಕ್ಕ ಸೋಡಾ ಹಾಕ್ಯಾರ. ಗುರುವಾರ ಸುಮ್ಮನಿದ್ದ ಲೋಟದ ಬೆಲಿ ಅವರಿಗೆ ಗೊತ್ತಿರಲಿಲ್ಲ, ಬಿಟ್ಟು ಹೋದ್ರು. ಇವತ್ತು ಇದೇ ಹುಡುಗೂರ ಬಾಯಿಂದ ಪಾಠಾ ಕೇಳಿ ಕಲತಾರ. ಕಲತು ಲಗೂನ ಉಪಯೋಗನೂ ಮಾಡ್ಯಾರ. ಶ್ಯಾಣ್ಯಾರು!"

"ನೀವು ನಮ್ಮನ್ನ ಕೂಡಿಹಾಕಲಿಕ್ಕೆ ಬರಂಗಿಲ್ಲ," ಎಂದರು ಕಟ್ಟಿ.

"ಕೂಡಿಹಾಕೀನಿ. ಪೊಲೀಸರಿಗೆ ಫೋನ್ ಹಚ್ಚತಿದ್ರೆಲ್ಲ, ಈಗ ಹಚ್ರಿ, ಬರಲಿ. ಅವರು ಬರೂ ತನಕ ನಾವು ಇನ್ನೊಂದು ಪ್ರಯೋಗ ಮಾಡೋಣು. ಸೋಡಾಪುಡಿ ಮುಟ್ಟಿದ ಬೆರಳಿಗೆ ಅದು ಹತ್ತಿಕೊಂಡಿರತದ. ಮೇಜಿನ ಹತ್ರ ಇದ್ದೋರೆಲ್ಲಾ ಕೈ ಮುಂದ ಚಾಚ್ರಿ. ಓಂಕಾರ್, ಬಾಟ್ಲಿ ನೀರು ಎರಡೆರಡು ಹನಿ ಬಿಡು. ಶೀತಲ್, ಪಟ್ಟಿ ಒತ್ತು."

"ಇದು ಅವಮಾನ!" ಎಂದರು ಉಮಾವತಿ ಬಾಯಿ.

"ಹೌದ್ರಿ. ಈ ಹುಡುಗಿ ಗುರುವಾರದಿಂದ ಉಂಡ ಅವಮಾನದಾಗ ಇದು ಒಂದು ತುತ್ತು. ಮೊದಲ ನನ್ನ ಕೈ ನೋಡ್ರಿ."

ಅವಳ ಕೈಮೇಲಿನ ಪಟ್ಟಿ ಹಳದಿ. ಸ್ಪಂದನಾಳದು ಹಳದಿ. ಕಟ್ಟಿಯವರು ಹಲ್ಲು ಕಚ್ಚಿಕೊಂಡು ಬೆರಳು ಚಾಚಿದರು. ಹಳದಿ. ಅವರು ನಿಟ್ಟುಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿಸಿತು. ಉಮಾವತಿ ಬಾಯಿ ಕಣ್ಣು ಮುಚ್ಚಿಕೊಂಡು, ಸೂಜಿಮದ್ದಿಗೆ ಕೈ ಕೊಟ್ಟಂತೆ ಕೊಟ್ಟರು. ಅದೂ ಹಳದಿಯೇ.

ಶೀತಲ್ ಮೇಜಿನ ಮೂಲೆ ಸುತ್ತಿಕೊಂಡು ಸಿದ್ದಲಿಂಗಪ್ಪನವರ ಕುರ್ಚಿಯ ಮುಂದೆ ನಿಂತಳು.

ಅವರು ಎಡಗೈ ಚಾಚಿದರು. ಪಟ್ಟಿ ಹಳದಿಯಾಗೇ ಉಳಿಯಿತು.

"ಇನ್ನೊಂದ್ರಿ ಕಾಕಾ," ಎಂದಳು ಶೀತಲ್.

ಬಲಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು. ಅಲ್ಲಿಂದ ಹೊರಗೆ ಬರಲಿಲ್ಲ. ಕೇತಕಿ ಬಾಗಿಲು ಬಿಟ್ಟು ಹತ್ತಿರ ಬಂದಳು. ಮಗಳ ಹೆಬ್ಬೆಟ್ಟು ನೋಡಿ ತುಟಿ ಅದುರಿದ್ದ ಆ ತಂದೆಯ ಮುಖದಲ್ಲಿ ಈಗ ಬಣ್ಣವೇ ಇರಲಿಲ್ಲ. ಅದು ಸಿಕ್ಕಿಬಿದ್ದ ಕಳ್ಳನ ಮುಖವಾಗಿದ್ದರೆ ಅವಳು ಗುರುತಿಸುತ್ತಿದ್ದಳು. ಇದು ಬರೀ ಹೆದರಿಕೆ, ತನ್ನ ಸಲುವಾಗಿ ಅಲ್ಲದ ಹೆದರಿಕೆ.

ಸಿದ್ದಲಿಂಗಪ್ಪ ಮುಂದಕ್ಕೆ ಬಗ್ಗಿದರು. ಶೀತಲ್ ಮತ್ತು ಕೇತಕಿ ಇಬ್ಬರಿಗೆ ಮಾತ್ರ ಕೇಳುವ ಹಾಗೆ ಪಿಸುಗುಟ್ಟಿದರು.

"ಅಂಬಾ ಜೀವಂತ ಮನಿಗಿ ಬರಬೇಕಂದ್ರ, ತಂಗೀ, ಆ ಕಾಗದಾ ನನಗ ಮುಟ್ಟಸಬ್ಯಾಡವ್ವಾ. ನನ್ನ ಕೈಲೆ ಇದನ್ನ ಮಾಡಿಸಿದವರು ನೋಡಾಕತ್ತಾರ."

ಶೀತಲ್ ಪಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಹಿಂದಕ್ಕೆ ತಿರುಗಿದಳು. ಮೇಜಿನ ಆ ತುದಿಯಲ್ಲಿದ್ದ ಸ್ಪಂದನಾಳಿಗೆ ಏನೂ ಕೇಳಿಸಿರಲಿಲ್ಲ.

"ಹೆದರಬೇಡ ಶೀತಲ್," ಎಂದಳು ಟೀಚರ್, ತಲೆ ಎತ್ತಿ. "ಯಾರಿಗೂ ಹೆದರಬೇಡ. ಮುಟ್ಟಿಸು."